ಇತಿಹಾಸ ಬರೆಯುವವರ ಒಲವು ಮತ್ತು ಇತಿಹಾಸದ ಸತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ತಮ್ಮ ಊರಿನ, ಮನೆತನದ, ಗುಡಿ-ಮಠ-ದರ್ಗಾಗಳ ಇತಿಹಾಸ ಬರೆಯಲು ತೊಡಗಿದವರು ಮತ್ತು ಪದವಿ ತರಗತಿಗಳಲ್ಲಿ ಇತಿಹಾಸ ಓದುತ್ತಿರುವವರು ಒಂದಲ್ಲ ಒಂದು ಹಂತದಲ್ಲಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸಿದ್ದೇನೆ. ಉದಾಹರಣೆಗಳನ್ನು ಆದಷ್ಟೂ ಈ ಮೂರು ಜಿಲ್ಲೆಗಳಿಂದಲೇ ಆರಿಸಿಕೊಂಡಿದ್ದೇನೆ. ಓದುಗರು ಬಸ್ಸು ಹತ್ತಿ ಹೋಗಿ ಕಣ್ಣಾರೆ ನೋಡಬಹುದಾದ ಕಲ್ಲು, ಕಟ್ಟಡ, ಊರುಗಳನ್ನು ಮುಂದಿಟ್ಟುಕೊಂಡು ಮಾತನಾಡಿದರೆ ವಿಷಯ ಬೇಗ ತಿಳಿಯುತ್ತದೆ.

ಇತಿಹಾಸ ಬರವಣಿಗೆಯಲ್ಲಿ ವ್ಯಕ್ತಿನಿಷ್ಠತೆ ಎಂದರೆ ಏನು? ಅದೂ ಪಕ್ಷಪಾತವೂ ಒಂದೇ ಏನು?

ಒಂದೇ ಅಲ್ಲ. ಬರೆಯುವವರ ಹುಟ್ಟು, ತಾಯ್ನುಡಿ, ಧರ್ಮ, ಕಲಿಕೆ, ಬದುಕಿದ ಕಾಲ, ಅನ್ನ ಕೊಟ್ಟವರ ಋಣ ಇವೆಲ್ಲ ಸೇರಿ, ಅವರಿಗೆ ಯಾವ ಪ್ರಶ್ನೆ ಮುಖ್ಯವೆನಿಸುತ್ತದೆ, ಯಾವ ಆಧಾರ ಕಣ್ಣಿಗೆ ಬೀಳುತ್ತದೆ, ಕಥನ ಯಾವ ಘಟನೆಯಿಂದ ಆರಂಭವಾಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ಇದರಿಂದ ಹೊರತಾದ ಇತಿಹಾಸಕಾರರು ಯಾರೂ ಇಲ್ಲ. ತಮ್ಮ ತೀರ್ಮಾನಕ್ಕೆ ವಿರುದ್ಧವಾದ ಆಧಾರ ಕೈಯಲ್ಲಿದ್ದೂ ಅದನ್ನು ಓದುಗರಿಂದ ಮರೆಮಾಡುವುದು ಪಕ್ಷಪಾತ. ಅದು ಬರೆಯುವವರು ತಿಳಿದೇ ಮಾಡುವ ತಪ್ಪು.

ಒಲವಿನಿಂದ ಕೇಡೇ ಆಗುತ್ತದೆ ಎಂದು ಭಾವಿಸುವವರು ವಿಜಯಪುರದ ಫ.ಗು. ಹಳಕಟ್ಟಿಯವರ ಕೆಲಸವನ್ನು ನೆನೆಯಬೇಕು. ವಕೀಲಿ ವೃತ್ತಿಯಲ್ಲಿದ್ದ ಅವರು ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದಿದ್ದ ತಾಡೋಲೆಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ವಚನಗಳ ದೊಡ್ಡ ಸಂಕಲನವನ್ನು ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ತಮ್ಮದೇ ಮುದ್ರಣಾಲಯ ನಡೆಸಿ, ಗಳಿಸಿದ್ದನ್ನೆಲ್ಲ ಅದಕ್ಕೇ ಸುರಿದರು. ಅವರು ತಟಸ್ಥರಾಗಿರಲಿಲ್ಲ. ಶರಣರ ಮೇಲಿನ ಭಕ್ತಿಯೇ ಅವರನ್ನು ಊರೂರು ತಿರುಗಿಸಿತು. ಆ ಭಕ್ತಿ ಇಲ್ಲದಿದ್ದರೆ ಅದೆಷ್ಟೋ ಓಲೆಗಳು ಗೆದ್ದಲಿನ ಪಾಲಾಗುತ್ತಿದ್ದವು, ಇಂದು ಹನ್ನೆರಡನೆಯ ಶತಮಾನದ ಬಗ್ಗೆ ತಟಸ್ಥವಾಗಿ ಚರ್ಚಿಸುವವರಿಗೂ ಚರ್ಚಿಸಲು ಸಾಮಗ್ರಿ ಇರುತ್ತಿರಲಿಲ್ಲ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುವುದು ಇತಿಹಾಸಕಾರನ ಕೆಲಸವಲ್ಲವೇ?

ಜರ್ಮನಿಯ ಇತಿಹಾಸಕಾರ ರಾಂಕೆ ಈ ಗುರಿಯನ್ನು ತನ್ನ ಮೊದಲ ಗ್ರಂಥದ ಪೀಠಿಕೆಯಲ್ಲಿ ಹೇಳಿದ್ದು 1824ರಲ್ಲಿ. ನಮ್ಮ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದೂ ಅದೇ ವರ್ಷದ ಅಕ್ಟೋಬರ್ 23ರಂದು. ಗುರಿ ಗೌರವಕ್ಕೆ ಅರ್ಹವಾದದ್ದು. ಮೂಲ ದಾಖಲೆಗಳನ್ನು ಪರೀಕ್ಷಿಸಿಯೇ ಬರೆಯಬೇಕೆಂಬ ಶಿಸ್ತನ್ನು ಕಲಿಸಿದ ರಾಂಕೆಯ ಋಣ ದೊಡ್ಡದು. ಆದರೆ ಕಿತ್ತೂರಿನ ಆ ದಿನದ ಬಗ್ಗೆ ದಾಖಲೆ ಬರೆದಿಟ್ಟವರು ಬಹುಪಾಲು ಸೋತ ಕಂಪನಿಯ ಅಧಿಕಾರಿಗಳೇ. ಕೋಟೆಯ ಒಳಗಿನವರ ಮಾತು ನಮಗೆ ತಲುಪಿದ್ದು ಮುಖ್ಯವಾಗಿ ಲಾವಣಿಗಳ ಮೂಲಕ. ಮೂಲ ದಾಖಲೆಯನ್ನಷ್ಟೇ ಅನುಸರಿಸುತ್ತೇನೆ ಎಂದು ಶಪಥ ಮಾಡಿದವರು, ತಮಗೆ ಅರಿವಿಲ್ಲದೆಯೇ, ಬರೆಯಲು ಬಲ್ಲವರ ಪಕ್ಷಕ್ಕೆ ಸೇರಿಬಿಡುತ್ತಾರೆ.

ಶಾಸನಗಳನ್ನು ಕಲ್ಲಿನಲ್ಲಿ ಕೊರೆದಿರುತ್ತಾರೆ. ಅವುಗಳಲ್ಲಿಯೂ ವ್ಯಕ್ತಿನಿಷ್ಠತೆ ಇರುತ್ತದೆಯೇ?

ಖಂಡಿತ ಇರುತ್ತದೆ. ಬರೆದದ್ದು ಅಳಿಸಿಹೋಗದಂತೆ ನೋಡಿಕೊಳ್ಳುವುದಷ್ಟೇ ಕಲ್ಲಿನ ಕೆಲಸ.

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿರುವ ರವಿಕೀರ್ತಿಯ ಶಾಸನ ಶಕ ವರ್ಷ 556ಕ್ಕೆ, ಅಂದರೆ ಕ್ರಿ.ಶ. 634-35ಕ್ಕೆ ಸೇರಿದ್ದು. ರವಿಕೀರ್ತಿ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಜೈನ ಕವಿ. ಬಸದಿಯನ್ನು ಕಟ್ಟಿಸಿದವನೂ ಅವನೇ, ಕಾವ್ಯದಲ್ಲಿ ತಾನು ಕಾಳಿದಾಸ ಮತ್ತು ಭಾರವಿಯರ ಕೀರ್ತಿಯನ್ನು ಪಡೆದವನೆಂದು ಹೇಳಿಕೊಂಡವನೂ ಅವನೇ. ಅವನ ಪದ್ಯಗಳಲ್ಲಿ ಪಲ್ಲವರ ಒಡೆಯನ ತೇಜಸ್ಸು ಪುಲಕೇಶಿಯ ಸೈನ್ಯದ ಧೂಳಿನಲ್ಲಿ ಮುಚ್ಚಿಹೋಗುತ್ತದೆ, ಆತ ಕಂಚಿಯ ಕೋಟೆಯ ಹಿಂದೆ ಅಡಗಬೇಕಾಗುತ್ತದೆ. ಪಲ್ಲವರ ಕೂರಂ ತಾಮ್ರಪಟವನ್ನು ತೆರೆದರೆ ಚಿತ್ರ ತಿರುಗುಮುರುಗು: ಅಲ್ಲಿ ಓಡಿಹೋಗುತ್ತಿರುವವನು ಪುಲಕೇಶಿ, ಅವನ ಬೆನ್ನಿನ ಮೇಲೆ ಪಟದ ಮೇಲೆ ಬರೆದಂತೆ ವಿಜಯದ ಅಕ್ಷರಗಳನ್ನು ಬರೆದವನು ನರಸಿಂಹವರ್ಮ. 642ರ ಸುಮಾರಿಗೆ ವಾತಾಪಿ, ಅಂದರೆ ಇಂದಿನ ಬಾದಾಮಿ, ಪಲ್ಲವರ ವಶವಾದದ್ದಕ್ಕೆ ಬಾದಾಮಿಯ ಬಂಡೆಯ ಮೇಲೆಯೇ, ಸವೆದುಹೋದ ಸ್ಥಿತಿಯಲ್ಲಿ, ನರಸಿಂಹವರ್ಮನ ಶಾಸನ ಇದೆ. ಒಂದು ಶತಮಾನದ ನಂತರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ಅಲ್ಲಿನ ಕೈಲಾಸನಾಥ ದೇಗುಲದಲ್ಲಿ ಕನ್ನಡ ಶಾಸನ ಹಾಕಿಸಿ, ದೇವರ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಮರಳಿಸಿದೆನೆಂದು ಹೇಳಿಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಇಂದಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು.

ಈ ಎಲ್ಲ ಶಾಸನಗಳೂ ಒಂದು ಪಕ್ಷದ ಮಾತುಗಳೇ. ಹಾಗೆಂದು ಅವನ್ನು ತಳ್ಳಿಹಾಕಿದರೆ ಚಾಲುಕ್ಯ-ಪಲ್ಲವ ಹೋರಾಟದ ಇತಿಹಾಸವೇ ಉಳಿಯುವುದಿಲ್ಲ. ಎರಡೂ ಕಡೆಯ ಹೊಗಳಿಕೆಗಳನ್ನು ಎದುರು ಬದುರು ಇಟ್ಟಾಗಲೇ ಹೋರಾಟದ ಏರಿಳಿತ ಗೊತ್ತಾಗುತ್ತದೆ. ಯಾವ ವಂಶದ ಕವಿಯೂ ತನ್ನ ದೊರೆಯ ಸೋಲನ್ನು ವಿವರವಾಗಿ ಬರೆಯುವುದಿಲ್ಲವಾದ್ದರಿಂದ, ಸೋಲಿನ ಸುದ್ದಿಯನ್ನು ಯಾವಾಗಲೂ ಎದುರಾಳಿಯ ಶಾಸನದಲ್ಲಿ ಹುಡುಕಬೇಕಾಗುತ್ತದೆ.

ಹಾಗಾದರೆ ಪುಲಕೇಶಿ ಹರ್ಷನನ್ನು ತಡೆದನೆಂಬ ರವಿಕೀರ್ತಿಯ ಮಾತನ್ನು ನಂಬಬಹುದೇ?

ನಂಬಬಹುದು, ಮತ್ತು ನಂಬುವುದಕ್ಕೆ ಕಾರಣ ರವಿಕೀರ್ತಿಯ ಹೊರಗಿದೆ. ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಹರ್ಷನಿಗೆ ಈ ರಾಜ್ಯವನ್ನು ಅಧೀನ ಮಾಡಿಕೊಳ್ಳಲು ಆಗಲಿಲ್ಲವೆಂದು ಬರೆದಿದ್ದಾನೆ. ಆತ ಹರ್ಷನಿಂದ ಸತ್ಕಾರ ಪಡೆದವನು, ಹರ್ಷನನ್ನು ಮೆಚ್ಚಿ ಬರೆದವನು. ತನ್ನ ಮೆಚ್ಚಿನ ದೊರೆಗೆ ಹಿರಿಮೆ ತಾರದ ಸಂಗತಿಯನ್ನು ಅವನು ಹೇಳಿದನೆಂದರೆ ಅದಕ್ಕೆ ತೂಕ ಹೆಚ್ಚು. ವ್ಯಕ್ತಿನಿಷ್ಠತೆಯನ್ನು ಅರಿತಿರುವುದರಿಂದ ಸಿಗುವ ದೊಡ್ಡ ಲಾಭ ಇದು: ಒಬ್ಬನ ಒಲವು ಯಾವ ಕಡೆಗಿತ್ತೆಂದು ತಿಳಿದರೆ, ಆ ಒಲವನ್ನು ಮೀರಿ ಅವನು ಹೇಳಿದ ಮಾತು ಯಾವುದೆಂದೂ ತಿಳಿಯುತ್ತದೆ.

ಆದಿಲಶಾಹಿ ಆಸ್ಥಾನದಲ್ಲಿದ್ದ ಫಿರಿಸ್ತಾನ ಬರವಣಿಗೆಯನ್ನು ಹೇಗೆ ಓದಬೇಕು?

ಕೃತಜ್ಞತೆಯಿಂದ, ಆದರೆ ಕಣ್ಣು ತೆರೆದುಕೊಂಡು ಓದಬೇಕು. ಅಹ್ಮದ್‌ನಗರದಿಂದ ಬಿಜಾಪುರಕ್ಕೆ ಬಂದ ಫಿರಿಸ್ತಾ ಇಮ್ಮಡಿ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ ಹದಿನೇಳನೆಯ ಶತಮಾನದ ಆರಂಭದಲ್ಲಿ ತನ್ನ ದೊಡ್ಡ ಇತಿಹಾಸ ಗ್ರಂಥವನ್ನು ಬರೆದ. ವಂಶದ ಸ್ಥಾಪಕ ಯೂಸುಫನು ತುರ್ಕಿಯ ಆಟೊಮನ್ ಸುಲ್ತಾನ ಮುರಾದನ ಮಗ, ಹತ್ಯೆಯಿಂದ ಪಾರಾಗಿ ಬಂದವನು ಎಂಬ ಕಥೆ ಅವನಲ್ಲಿ ಬರುತ್ತದೆ. ಅದೇ ಕಾಲದಲ್ಲಿ ಅದೇ ಊರಿನಲ್ಲಿದ್ದ ರಫಿಯುದ್ದೀನ್ ಶಿರಾಜಿ ಬೇರೆಯೇ ಮೂಲವನ್ನು ಹೇಳುತ್ತಾನೆ. ಆಟೊಮನ್ ಕಥೆಯನ್ನು ಇಂದಿನ ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. ಆದರೂ ಕಥೆಯಿಂದ ಒಂದು ಸತ್ಯ ದೊರೆಯುತ್ತದೆ: 1600ರ ಸುಮಾರಿಗೆ ಬಿಜಾಪುರದ ಅರಮನೆಗೆ ತನ್ನ ಮೂಲವನ್ನು ಇಸ್ತಾಂಬುಲ್‌ನ ಸಿಂಹಾಸನದೊಂದಿಗೆ ಜೋಡಿಸಿಕೊಳ್ಳಬೇಕೆಂಬ ಆಸೆ ಇತ್ತು. ಯೂಸುಫನ ಬಗ್ಗೆ ನಂಬಲಾಗದ ಪುಟವೇ ಇಬ್ರಾಹಿಮನ ಆಸ್ಥಾನದ ಬಗ್ಗೆ ಒಳ್ಳೆಯ ಆಧಾರವಾಗುತ್ತದೆ.

1565ರ ಯುದ್ಧದ ಬಗ್ಗೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವುದೇಕೆ?

ಒಬ್ಬೊಬ್ಬರೂ ಬೇರೆ ಬೇರೆ ಪ್ರಶ್ನೆ ಹೊತ್ತು ಅದರ ಹತ್ತಿರ ಹೋಗುವುದರಿಂದ. ರಕ್ಕಸಗಿ-ತಂಗಡಗಿಯ ಯುದ್ಧವೆಂದೂ ತಾಳಿಕೋಟೆಯ ಯುದ್ಧವೆಂದೂ ಕರೆಯುವ, ಕೃಷ್ಣಾತೀರದ ಈ ಕಾಳಗ ನಡೆದು ದಶಕಗಳಾದ ಮೇಲೆ ಫಿರಿಸ್ತಾ ಬರೆದ. ಅವನ ಕಥನದಲ್ಲಿ ವಿಜಯನಗರದ ರಾಮರಾಯನ ಗರ್ವ ಮತ್ತು ಅವನ ಎದುರು ನಿಂತ ದಖನಿನ ಸುಲ್ತಾನರ ಒಗ್ಗಟ್ಟು ಎದ್ದು ಕಾಣುತ್ತವೆ. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸೇನಾನಿಗಳು ಪಕ್ಷ ಬದಲಿಸಿದ್ದೇ ಸೋಲಿಗೆ ಕಾರಣವೆಂದ. ಮದ್ರಾಸ್ ಪ್ರಾಂತದ ಅಧಿಕಾರಿಯಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಇತಿಹಾಸ ಬರೆದಾಗ, ಆ ಸಾಮ್ರಾಜ್ಯ ಮುಸ್ಲಿಂ ದಂಡಯಾತ್ರೆಗಳಿಗೆ ದಕ್ಷಿಣದ ಹಿಂದೂಗಳು ಒಡ್ಡಿದ ತಡೆ ಎಂಬ ನೋಟ ಗಟ್ಟಿಯಾಯಿತು. ಇಂದಿಗೂ ನಮ್ಮ ವೇದಿಕೆಗಳ ಮೇಲೆ ಬಹಳ ಸಲ ಕೇಳಿಬರುವುದು ಆ ನೋಟವೇ.

ನನ್ನ ಅಭಿಪ್ರಾಯದಲ್ಲಿ ಆ ನೋಟಕ್ಕೆ ಒಗ್ಗದ ಸಂಗತಿಗಳು ಬಹಳ ಇವೆ. ಯುದ್ಧಕ್ಕೆ ಕೆಲವೇ ವರ್ಷಗಳ ಹಿಂದೆ ಅಲಿ ಆದಿಲಶಹ ಮತ್ತು ರಾಮರಾಯ ಮಿತ್ರರಾಗಿದ್ದು ಕೂಡಿಯೇ ಅಹ್ಮದ್‌ನಗರದ ಮೇಲೆ ಹೋಗಿದ್ದರು. ಸುಲ್ತಾನರ ಸೈನ್ಯಗಳಲ್ಲಿ ಮರಾಠ ಸರದಾರರು ಇದ್ದರು, ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸೈನಿಕರಿದ್ದರು. ರಾಯಚೂರು ದೋಆಬಿನ ಫಲವತ್ತಾದ ನೆಲಕ್ಕಾಗಿ ಕಾದಾಟ ತಲೆಮಾರುಗಳಿಂದ ನಡೆದಿತ್ತು. ಆದರೆ ಧರ್ಮದ ಮಾತೇ ಇರಲಿಲ್ಲ ಎಂದು ಬರೆಯುವುದೂ ಇನ್ನೊಂದು ಅತಿರೇಕವಾಗುತ್ತದೆ, ಏಕೆಂದರೆ ಸುಲ್ತಾನರನ್ನು ಒಂದುಗೂಡಿಸಿದ ಕಾರಣಗಳಲ್ಲಿ ಫಿರಿಸ್ತಾ ಅದನ್ನೂ ಹೇಳುತ್ತಾನೆ. ಇಂದು ನಮಗೆ ಬೇಕಾದ ಸೌಹಾರ್ದವಾಗಲಿ, ಇಂದಿನ ಸಿಟ್ಟಾಗಲಿ, 1565ರ ಆಧಾರಗಳ ತೂಕವನ್ನು ಬದಲಿಸಬಾರದು.

ಇಂಗ್ಲಿಷರ ದಾಖಲೆ ಮತ್ತು ನಮ್ಮ ಲಾವಣಿ ಎರಡೂ ಇದ್ದಾಗ ಯಾವುದನ್ನು ಆಧಾರವಾಗಿ ಹಿಡಿಯಬೇಕು?

ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದರ ಮೇಲೆ ಅದು ನಿಲ್ಲುತ್ತದೆ. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ 1857ರಲ್ಲಿ ಬೇಡರು ಆಯುಧ ಒಪ್ಪಿಸಬೇಕೆಂಬ ಸರಕಾರದ ಆಜ್ಞೆಯನ್ನು ಧಿಕ್ಕರಿಸಿದರು. ಸೈನ್ಯ ಊರಿಗೆ ನುಗ್ಗಿ ಬೆಂಕಿ ಇಟ್ಟಿತು, ಸೆರೆಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಲಾಯಿತು. ಆಜ್ಞೆ ಯಾವ ದಿನ ಹೊರಟಿತು, ಯಾವ ಠಾಣ್ಯದಿಂದ ಎಷ್ಟು ಸೈನ್ಯ ಬಂತು ಎಂದು ಕೇಳಿದರೆ ಸರಕಾರಿ ಕಾಗದಗಳೇ ಉತ್ತರ ಕೊಡಬೇಕು, ಲಾವಣಿಗೆ ಆ ಗೊಡವೆ ಇಲ್ಲ. ಆದರೆ ಊರು ಏನನ್ನು ಕಳೆದುಕೊಂಡಿತು ಎಂದು ಕೇಳಿದರೆ ಲಾವಣಿಕಾರ ಕೊಡಲಿ, ಕುಡ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುವ ಕಲ್ಲು ಎಂದು ಒಂದೊಂದನ್ನೂ ಎಣಿಸುತ್ತಾನೆ. ಲೂಟಿ ಮಾಡಿದವರ ವರದಿಯಲ್ಲಿ ಬೀಸುವ ಕಲ್ಲಿಗೆ ಜಾಗ ಇರುವುದಿಲ್ಲ. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಇಂದಿಗೂ ಜನರ ನಾಲಗೆಯ ಮೇಲಿರುವುದೂ ಆ ಹಾಡಿನಿಂದಲೇ.

ಲಾವಣಿಯಲ್ಲಿ ಉತ್ಪ್ರೇಕ್ಷೆ ಇರುತ್ತದೆ, ಪ್ರಾಸಕ್ಕಾಗಿ ಬಂದ ಮಾತು ಇರುತ್ತದೆ, ಕೇಳುಗರನ್ನು ಮೆಚ್ಚಿಸುವ ಹಂಬಲವೂ ಇರುತ್ತದೆ. ಕಲೆಕ್ಟರನ ವರದಿಯಲ್ಲಿಯೂ ಮೇಲಧಿಕಾರಿಯನ್ನು ಮೆಚ್ಚಿಸುವ ಹಂಬಲ ಇರುತ್ತದೆ ಎಂಬುದನ್ನು ನಾವು ಅಷ್ಟೇ ಸುಲಭವಾಗಿ ಒಪ್ಪಿಕೊಳ್ಳಬೇಕು.

ಬರೆದವರು ಯಾರೆಂದು ತಿಳಿದರೆ, ಅವರ ಬರವಣಿಗೆಯ ಬೆಲೆಯೂ ತಿಳಿದಂತೆಯೇ?

ಇಲ್ಲ. ಈ ಅವಸರದ ತೀರ್ಪು ಇತ್ತೀಚೆಗೆ ಹೆಚ್ಚುತ್ತಿರುವುದು ನನ್ನನ್ನು ಬಹಳ ಚಿಂತೆಗೀಡುಮಾಡಿದೆ. ಹಲಗಲಿಯ ಲಾವಣಿಯನ್ನು ಮತ್ತು ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಅವರು ಮುಂಬಯಿ ಪ್ರಾಂತದ ಇಂಗ್ಲಿಷ್ ಅಧಿಕಾರಿ. ತಮ್ಮದೇ ಸರಕಾರವನ್ನು ದೂರುವ ಹಾಡುಗಳನ್ನು ಅವರು ಉಳಿಸಿದರು. 1824ರಲ್ಲಿ ಥ್ಯಾಕರೆ ಬಿದ್ದಾಗ ಕಿತ್ತೂರಿನವರ ಕೈಗೆ ಸೆರೆಸಿಕ್ಕ ವಾಲ್ಟರ್ ಎಲಿಯಟ್, ಬಿಡುಗಡೆಯ ನಂತರದ ವರ್ಷಗಳಲ್ಲಿ ಇದೇ ಸೀಮೆಯ ನೂರಾರು ಕನ್ನಡ ಶಾಸನಗಳನ್ನು ಪ್ರತಿ ಮಾಡಿಸಿ, ಚಾಲುಕ್ಯ ವಂಶಾವಳಿಯ ಅಧ್ಯಯನಕ್ಕೆ ಬುನಾದಿ ಹಾಕಿದ. ಹುದ್ದೆಯನ್ನಷ್ಟೇ ನೋಡಿ ಇವರನ್ನು ಬದಿಗಿಟ್ಟರೆ ನಷ್ಟ ನಮಗೇ. ಬರೆದವರ ಜಾತಿ, ಧರ್ಮ, ಭಾಷೆ, ಹುದ್ದೆ ತಿಳಿದುಕೊಳ್ಳುವುದು ಪರೀಕ್ಷೆಯ ಮೊದಲ ಹೆಜ್ಜೆ. ಅನೇಕರು ಅದನ್ನೇ ಕೊನೆಯ ಹೆಜ್ಜೆ ಮಾಡಿಕೊಂಡು, ಪುಸ್ತಕದ ಒಳಗೆ ಏನಿದೆ ಎಂದು ನೋಡುವ ಶ್ರಮವನ್ನೇ ತಪ್ಪಿಸಿಕೊಳ್ಳುತ್ತಾರೆ.

ಎಲ್ಲರದೂ ಒಂದು ನೋಟ ಎಂದಾದರೆ ಎಲ್ಲ ಇತಿಹಾಸಗಳೂ ಸಮಾನವಾದವೇ?

ಅಲ್ಲ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು ಎಂಬುದು ಯಾರ ನೋಟದಿಂದಲೂ ಬದಲಾಗುವುದಿಲ್ಲ. ಅವನ ಹೋರಾಟದ ಅರ್ಥವನ್ನು ಕುರಿತು ವಾದ ಮಾಡಬಹುದು. ಆ ವಾದದಲ್ಲಿಯೂ ಹೆಚ್ಚು ಆಧಾರಗಳಿಗೆ ಉತ್ತರ ಕೊಡಬಲ್ಲ ಕಥನವೇ ಮೇಲು.

ನಮ್ಮ ಮನೆಯ ದಫ್ತರದಲ್ಲಿ ಹಳೆಯ ಮೋಡಿ ಲಿಪಿಯ ಕಾಗದ, ಸನದು (ಹಕ್ಕುಪತ್ರ), ಕೈಫಿಯತ್ತುಗಳಿವೆ (ಮನೆತನದ ವೃತ್ತಾಂತಗಳು). ಅವುಗಳನ್ನು ಹಾಗೆಯೇ ನಂಬಬಹುದೇ?

ಅವು ಅಮೂಲ್ಯವಾದವು, ಮೊದಲು ಅವುಗಳ ಫೋಟೋ ತೆಗೆದಿಡಿ. ಓದುವಾಗ ಮಾತ್ರ, ಅವುಗಳನ್ನು ಯಾವ ಕಾರಣಕ್ಕೆ ಬರೆಯಿಸಲಾಯಿತು ಎಂದು ಕೇಳಿಕೊಳ್ಳಬೇಕು. ಗೌಡಕಿ, ಕುಲಕರ್ಣಿಕಿ, ದೇಸಗತಿಗಳ ಹಕ್ಕನ್ನು ಸ್ಥಾಪಿಸಲೆಂದೇ ಬರೆದ ಕೈಫಿಯತ್ತುಗಳಲ್ಲಿ ಮನೆತನದ ಮೂಲಪುರುಷ ಸಾಧ್ಯವಾದಷ್ಟು ಹಳೆಯ ದೊರೆಯಿಂದ ಉಂಬಳಿ ಪಡೆದಿರುತ್ತಾನೆ. ಮುಂಬಯಿ ಪ್ರಾಂತದಲ್ಲಿ 1852ರ ಕಾಯ್ದೆಯ ಬಲದಿಂದ ಇನಾಮ್ ಕಮಿಷನ್ ಪ್ರತಿಯೊಂದು ಇನಾಮಿಗೂ, ಅಂದರೆ ದಾನವಾಗಿ ಬಂದ ಭೂಮಿಗೂ, ಪುರಾವೆ ಕೇಳತೊಡಗಿದಾಗ, ಭೂಮಿ ಉಳಿಯುವುದೇ ಕಾಗದದ ಮೇಲೆ ನಿಂತಿತು. ಅಂಥ ಒತ್ತಡದಲ್ಲಿ ಹೊರಬಂದ ಕಾಗದವನ್ನು ಅದರ ಮಸಿ, ಮೊಹರು, ತಾರೀಖು ಮತ್ತು ನೆರೆಮನೆತನದ ಕಾಗದ ಇವೆಲ್ಲವುಗಳೊಂದಿಗೆ ತಾಳೆ ನೋಡದೆ ಒಪ್ಪಬಾರದು. ಮನೆತನದ ಹೆಮ್ಮೆ ತಪ್ಪಲ್ಲ, ಆದರೆ ತಾಳೆ ನೋಡುವ ಹೊತ್ತಿನಲ್ಲಿ ಬೇರೆ ಮನೆಯವರನ್ನೂ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.

ವಿಜಯಪುರದ ಸಾಠ್ ಕಬರಿನಂಥ (ಅರವತ್ತು ಗೋರಿಗಳು) ಬಾಯಿಮಾತಿನ ಕಥೆಗಳನ್ನು ಇತಿಹಾಸದಲ್ಲಿ ಸೇರಿಸಬಹುದೇ?

ಜನ ಹೇಳುವ ಕಥೆ ಎಂದು ಸ್ಪಷ್ಟವಾಗಿ ಗುರುತಿಸಿ ಸೇರಿಸಬಹುದು. ಆದಿಲಶಾಹಿ ಸೇನಾನಿ ಅಫಜಲಖಾನ 1659ರಲ್ಲಿ ಪ್ರತಾಪಗಡದಲ್ಲಿ ಹತನಾದದ್ದು ಇತಿಹಾಸ. ಹೊರಡುವ ಮುನ್ನ ಜ್ಯೋತಿಷಿಗಳ ಮಾತು ಕೇಳಿ ತನ್ನ ಪತ್ನಿಯರನ್ನೆಲ್ಲ ಕೊಂದನೆಂಬುದು ವಿಜಯಪುರದಲ್ಲಿ ಆ ಗೋರಿಗಳ ಸಾಲನ್ನು ತೋರಿಸುತ್ತ ಹೇಳುವ ಕಥೆ. ಗೋರಿಗಳು ಇವೆ ಎಂಬುದು ಅಲ್ಲಿ ಮಲಗಿದವರು ಹೇಗೆ ಸತ್ತರೆಂಬುದಕ್ಕೆ ಪುರಾವೆಯಾಗುವುದಿಲ್ಲ.

ಗಡಿ ಜಿಲ್ಲೆಯಲ್ಲಿದ್ದುಕೊಂಡು ಭಾಷಾಭಿಮಾನ ಬಿಟ್ಟು ಇತಿಹಾಸ ಬರೆಯಲು ಸಾಧ್ಯವೇ?

ಅಭಿಮಾನವನ್ನು ಬಿಡಬೇಕಾಗಿಲ್ಲ, ಅದು ಮಾಡುವ ಆಯ್ಕೆಗಳ ಮೇಲೆ ಕಣ್ಣಿಡಬೇಕು. ದೇವಗಿರಿಯ ಸೇವುಣರ ಕಾಲದ ನೂರಾರು ಕನ್ನಡ ಶಾಸನಗಳಿವೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿರುವ, ಕನ್ನರದೇವನ ಆಳ್ವಿಕೆಯ 1260ರ ಶಾಸನವೂ ಅವುಗಳಲ್ಲಿ ಒಂದು. ಅದೇ ವಂಶದ ರಾಮಚಂದ್ರನ ಆಳ್ವಿಕೆಯಲ್ಲಿ, 1290ರಲ್ಲಿ, ಮರಾಠಿಯ ಜ್ಞಾನೇಶ್ವರಿ ಪೂರ್ಣಗೊಂಡಿತು, ಅದರಲ್ಲಿ ದೊರೆಯ ಹೆಸರೂ ಇದೆ. ಬೆಳಗಾವಿಯ ಕನ್ನಡ ವೇದಿಕೆಯಲ್ಲಿ ಮೊದಲನೆಯ ಸಂಗತಿ ಮಾತ್ರ, ಮರಾಠಿ ವೇದಿಕೆಯಲ್ಲಿ ಎರಡನೆಯದು ಮಾತ್ರ ಕೇಳಿಬಂದರೆ, ಎರಡು ಕಡೆಯವರೂ ಸುಳ್ಳು ಹೇಳದೆಯೇ ಕೇಳುಗರನ್ನು ದಾರಿತಪ್ಪಿಸಿದಂತಾಗುತ್ತದೆ. ಕರ್ನಾಟಕ-ಮಹಾರಾಷ್ಟ್ರ ಗಡಿಯನ್ನು ಕುರಿತ 1967ರ ಮಹಾಜನ ವರದಿಯ ಬಗ್ಗೆ ನನ್ನ ನಿಲುವು ಕನ್ನಡಿಗನದೇ. ಆದರೆ ಹದಿಮೂರನೆಯ ಶತಮಾನದ ದೊರೆಗಳಿಗೆ 1956ರ ರಾಜ್ಯಗಳ ಗಡಿ ಗೊತ್ತಿರಲಿಲ್ಲ.

ಬಸವಣ್ಣನವರಂಥ ಪೂಜ್ಯರ ಬಗ್ಗೆ ಭಕ್ತರು ಬರೆದರೆ ಅದು ಇತಿಹಾಸವಾಗುತ್ತದೆಯೇ?

ಭಕ್ತರೂ ಇತಿಹಾಸ ಬರೆಯಬಲ್ಲರು. ಅರ್ಜುನವಾಡದ ಶಾಸನ ಸಂಗನ ಬಸವನನ್ನೂ ಅವನ ವಂಶವನ್ನೂ ಉಲ್ಲೇಖಿಸುವುದರಿಂದ ಬಹಳ ಮಹತ್ವದ್ದು. ಆದರೂ ಅದು ಬಸವಣ್ಣನವರ ಕಾಲದ ನಂತರದ್ದು. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣ, 1369ರ ಭೀಮಕವಿಯ ಕನ್ನಡ ಪುರಾಣ ಇವೆಲ್ಲ ಭಕ್ತಿಯ ಕೃತಿಗಳು, ಪವಾಡ ಅವುಗಳ ಸಹಜ ಭಾಷೆ. ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಮುಂದಕ್ಕೆ ಸಾಗಿದ ಬದುಕಿನ ಘಟನೆಗಳನ್ನು ಅವುಗಳಿಂದ ಆರಿಸುವಾಗ, ಈ ಕೃತಿಗಳು ಎಲ್ಲಿ ಒಂದನ್ನೊಂದು ಒಪ್ಪುತ್ತವೆ, ಎಲ್ಲಿ ಬೇರೆಯಾಗುತ್ತವೆ, ಶಾಸನ ಯಾವುದಕ್ಕೆ ಬೆಂಬಲ ಕೊಡುತ್ತದೆ ಎಂದು ನೋಡಬೇಕು. ಭಕ್ತಿಯಿಂದ ಓದುವವರಿಗೆ ಪಠ್ಯದ ಸೂಕ್ಷ್ಮಗಳು ಬೇಗ ಹೊಳೆಯುತ್ತವೆ. ತಮಗೆ ಪ್ರಿಯವಾದ ಘಟನೆಗೆ ಆಧಾರ ಸಾಲದು ಎಂದು ಬರೆಯುವ ಹೊತ್ತು ಬಂದಾಗ ಅವರು ಹಿಂಜರಿಯದಿದ್ದರೆ ಸಾಕು.

ಮುಳುಗಡೆಯಾದ ನಮ್ಮ ಓಣಿಯ ಇತಿಹಾಸವನ್ನು ನಾನೇ ಬರೆಯಬಹುದೇ? ದುಃಖದಲ್ಲಿ ಬರೆದದ್ದು ಇತಿಹಾಸವಾಗುತ್ತದೆಯೇ?

ನೀವೇ ಬರೆಯಬೇಕು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮತ್ತು ಕೃಷ್ಣೆ, ಘಟಪ್ರಭೆಯರ ದಂಡೆಯ ಅನೇಕ ಹಳ್ಳಿಗಳು ಹೋದವು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದರು. ಯಾರ ಆಸ್ತಿ ಎಷ್ಟು, ಪರಿಹಾರ ಎಷ್ಟು ಎಂಬುದು ಕಚೇರಿಯ ದಾಖಲೆಗಳಲ್ಲಿ ಇರುತ್ತದೆ. ಯಾವ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಸಂತೆಯ ದಿನ ಯಾವ ಊರಿನವರು ಎಲ್ಲಿ ಇಳಿಯುತ್ತಿದ್ದರು, ಯಾವ ಗುಡಿಯ ಪಲ್ಲಕ್ಕಿ ಯಾವ ಮನೆಯ ಮುಂದೆ ನಿಲ್ಲುತ್ತಿತ್ತು ಎಂಬುದು ನಿಮ್ಮ ತಲೆಮಾರಿನವರ ನೆನಪಿನಲ್ಲಿ ಮಾತ್ರ ಇದೆ, ಆ ತಲೆಮಾರು ಕರಗುತ್ತಿದೆ. ನಿಮ್ಮ ದುಃಖವೇ ನಿಮ್ಮನ್ನು ಬರೆಯಲು ಕೂರಿಸುತ್ತಿದ್ದರೆ ಅದನ್ನು ಮರೆಮಾಚಬೇಡಿ. ‘ನಾನು’ ಎಂದೇ ಬರೆಯಿರಿ, ಯಾವ ಓಣಿಯವರು, ಆಗ ಎಷ್ಟು ವಯಸ್ಸು, ಯಾವುದನ್ನು ಸ್ವತಃ ಕಂಡಿರಿ, ಯಾವುದನ್ನು ಯಾರಿಂದ ಕೇಳಿದಿರಿ ಎಂದು ಬೇರೆ ಬೇರೆಯಾಗಿ ತಿಳಿಸಿ.

ಬರೆದಾದ ಮೇಲೆ, ನಿಮ್ಮ ಮನೆಗಿಂತ ಬೇರೆ ಬಗೆಯ ಮನೆಗಳವರ ಬಳಿಗೆ ಹೋಗಿ. ಪರಿಹಾರದ ಕಾಗದಗಳು ಒಡೆತನದ ಮೇಲೆ ನಿಂತವು, ಆದ್ದರಿಂದ ಬಾಡಿಗೆ ಮನೆಯಲ್ಲಿದ್ದವರು, ಕೂಲಿಯವರು, ದಂಡೆಯಲ್ಲಿ ಬದುಕು ಕಟ್ಟಿಕೊಂಡಿದ್ದ ಮೀನುಗಾರರು ಆ ದಾಖಲೆಯಲ್ಲಿ ಸಿಗುವುದು ಕಡಿಮೆ. ನಿಮ್ಮ ನೆನಪಿನಲ್ಲಿಯೂ ಅವರು ಅಂಚಿನಲ್ಲಿಯೇ ಇರಬಹುದು. ಕಾಲುವೆಯ ನೀರು ಬಂದು ಒಣಬೇಸಾಯ ಬದಲಾದ ಹೊಲಗಳ ರೈತರನ್ನೂ ಮಾತನಾಡಿಸಿ. ಅವರ ಸಂತೋಷ ನಿಮಗೆ ನೋವು ಕೊಟ್ಟರೂ ಅವರ ಮಾತನ್ನು ಅವರು ಹೇಳಿದಂತೆಯೇ, ತಾರೀಖು ಹಾಕಿ, ಊರಿನ ಹೆಸರಿನೊಂದಿಗೆ ಬರೆದುಕೊಳ್ಳಿ.